ಅತ್ತೆ ಬೆಳೆಸಿದ ಹವಳ

ಆ ಮನೆಯಲ್ಲಿ ಉಳಿದವರು ಮೂವರು, ಮೂವರ ಕಸುಬೂ ಕೊಳೆ ತೆಗೆಯುವುದೇ. ಮಾವ ಊರಿಗೆಲ್ಲ ಕುಡಿಯುವ ನೀರು ಕೊಡುವ ಫಿಲ್ಟರ್ ಹೌಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡದೆ ಬಾಯಿಗಿಡುತ್ತಿರಲಿಲ್ಲ. ಮಗನದು ಮುಖ್ಯರಸ್ತೆಯಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲರ್ ಅವನ ಕಣ್ಣಿಗೆ ಬೀಳುತ್ತಿತ್ತು. ಸೊಸೆ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹದಿನೆಂಟು ವರ್ಷಗಳಿಂದ ನರ್ಸು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಸಿಸ್ಟರ್. ಮನೆಯಲ್ಲಿ ಮಾವನೂ ಅದಕ್ಕೊಂದು ಬಾಲ ಸೇರಿಸಿ ಸಿಸ್ಟರಮ್ಮ ಎಂದು ಕರೆಯುತ್ತಿದ್ದರು, ಬೀದಿಯವರೂ ಅದನ್ನೇ ಹಿಡಿದುಕೊಂಡರು. ಪಾಪ, ಗಂಡನೊಬ್ಬ ಮಾತ್ರ ಹಾಗೆ ಕರೆಯುವಂತಿರಲಿಲ್ಲ. ಅವನು "ಇಲ್ನೋಡೇ" ಎಂದು ಸುಧಾರಿಸಿಕೊಳ್ಳುತ್ತಿದ್ದ.

ಈ ಮೂವರ ನಡುವೆ ನಾಲ್ಕನೆಯವಳಾಗಿ ಇದ್ದವಳು ಅತ್ತೆ. ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದ ಕೈ ಅದು. ಅವಳು ಒಲೆ ಮುಂದೆ ನಿಂತರೆ ಗೋಡೆಗೆ ಸಿಡಿಯುತ್ತಿತ್ತು, ನೆಲಕ್ಕೆ ಚೆಲ್ಲುತ್ತಿತ್ತು, ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆಯುತ್ತಿದ್ದಳು. ಮೂವರೂ ಬಟ್ಟೆ ಹಿಡಿದು ಅವಳ ಹಿಂದೆ ಒರೆಸುತ್ತ ತಿರುಗುವುದೇ ಆ ಮನೆಯ ದಿನಚರಿ. "ನೀವು ಮೂರು ಜನ ಸೇರಿ ನನ್ನನ್ನೂ ಒಂದು ದಿನ ಒರೆಸಿ ಹಾಕ್ತೀರಿ" ಎಂದು ಅವಳು ನಗುತ್ತಿದ್ದಳು.

ಮುಂದಿನ ಕೋಣೆಯ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೂ ಅವಳದೇ. ಊರು ಬಿಟ್ಟು ಹೋಗುವ ಶಾಲೆಯ ಟೀಚರೊಬ್ಬರು ತೊಟ್ಟಿ, ಪಂಪು, ದೀಪ, ಐದು ಮೀನು ಎಲ್ಲವನ್ನೂ ಅವಳ ಮಡಿಲಿಗೆ ಹಾಕಿ ಹೋಗಿದ್ದರು. ಜೊತೆಗೆ ಹೆಬ್ಬೆರಳಿನಷ್ಟು ದೊಡ್ಡ ಹವಳದ ತುಂಡು ಒಂದು. ಹವಳವೆಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ಮನೆಯವರಿಗೆ ಅದು ಜೀವವಿರುವ ವಸ್ತು, ಸಾಸಿವೆಯಷ್ಟು ಸಣ್ಣ ಬಾಯಿಗಳು ಸಾವಿರಾರು ಒಟ್ಟಿಗೆ ಕೂತು ಕಟ್ಟಿಕೊಂಡ ಮನೆ ಎಂದು ನಂಬಿಸಲು ಅವಳಿಗೆ ವಾರ ಹಿಡಿಯಿತು. ಹನ್ನೊಂದು ವರ್ಷದಲ್ಲಿ ಆ ಹೆಬ್ಬೆರಳು ಕವಲೊಡೆದು ಕವಲೊಡೆದು ಬುಟ್ಟಿಯಷ್ಟಾಯಿತು. ಮೈ ಹಸಿರು, ಪ್ರತಿ ಕವಲಿನ ತುದಿಯಲ್ಲೂ ಕಡು ನೇರಳೆ. ಕೇಳಿದವರಿಗೆಲ್ಲ ಒಂದೊಂದು ತುಂಡು ಮುರಿದು ಕೊಟ್ಟಿದ್ದಳು.

ಒಂದು ದಿನ ಎದೆನೋವೆಂದು ಮಲಗಿದವಳು ಎರಡೇ ದಿನಕ್ಕೆ ಹೋಗಿಬಿಟ್ಟಳು. ಐದು ತಿಂಗಳು ಕಳೆಯುವ ಹೊತ್ತಿಗೆ ಹವಳ ಬಣ್ಣ ಬಿಡಲು ಶುರುವಾಯಿತು.

ಮೊದಲು ನೇರಳೆ ತುದಿಗಳು ತೊಳೆದು ತೊಳೆದು ಮಾಸಿದ ಬಟ್ಟೆಯಂತಾದವು. ಆಮೇಲೆ ಹಸಿರು ಮಂಕಾಯಿತು. ಆರನೆಯ ತಿಂಗಳಿಗೆ ಕವಲುಗಳ ಇಡೀ ಗುಂಪು ಬಿಳಚಿಕೊಂಡು ನಿಂತಿತು. ಸತ್ತಿರಲಿಲ್ಲ, ಭೂತಗನ್ನಡಿ ಹಿಡಿದರೆ ಸಣ್ಣ ಬಾಯಿಗಳು ಇನ್ನೂ ಕಾಣುತ್ತಿದ್ದವು. ಮಾವ ಒಂದು ಸ್ಟೂಲು ತಂದು ತೊಟ್ಟಿಯ ಮುಂದೆ ಹಾಕಿಕೊಂಡರು. ಬೆಳಗಿನ ನಡಿಗೆ ಬಿಟ್ಟರು, ಲೈಬ್ರರಿಗೆ ಹೋಗುವುದನ್ನು ಬಿಟ್ಟರು. ಹವಳ ಬಿಳಚಿದ ಹಾಗೆ ಮನುಷ್ಯನೂ ಕರಗುತ್ತಿದ್ದಾರೆಂದು ಸಿಸ್ಟರಮ್ಮನಿಗೆ ಅನಿಸತೊಡಗಿತು. ಒಂದು ಸಂಜೆ ಡ್ಯೂಟಿ ಮುಗಿಸಿ ಚಪ್ಪಲಿ ಬಿಡುತ್ತಿದ್ದಾಗ, ಅವರು ಹಳೆಯ ಗೆಳೆಯರೊಬ್ಬರ ಜೊತೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಅವಳ ಕೈಯದು ಅಂತ ಉಳಿದಿರೋದು ಇದೊಂದೇ ಕಣಯ್ಯ. ಇದೂ ಹೋಯ್ತು ಅಂದ್ರೆ ನನ್ನದೂ ಮುಗೀತು ಅಂದ್ಕೋ."

ಸಿಸ್ಟರಮ್ಮ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟಳು. ಥಿಯೇಟರಿನಲ್ಲಿ ಎಂಥೆಂಥ ಸರ್ಜನ್‌ಗಳು ಕೈಚೆಲ್ಲಿದ್ದನ್ನು ನೋಡಿದವಳು, ಆದರೆ ಮನೆಯೊಳಗೆ ಒಬ್ಬರು ಹೀಗೆ ಕೈಚೆಲ್ಲುವುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಹವಳ ಸಾಯಬಾರದು. ಅಷ್ಟೇ. ಅವತ್ತೇ ಟೊಂಕ ಕಟ್ಟಿದಳು.

ರೋಗ ಹುಡುಕುವುದರಲ್ಲಿ ಅವಳದೊಂದು ಕ್ರಮವಿತ್ತು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ವಾರ ಕಾಯಬೇಕು, ಬರೆದಿಡಬೇಕು, ಆಮೇಲೆ ಮುಂದಿನದು. ಗಂಡ ಇದಕ್ಕೆ ತದ್ವಿರುದ್ಧ. "ದೀಪಾನೂ ಬದಲಾಯಿಸಿ, ಉಪ್ಪೂ ಬದಲಾಯಿಸಿ, ಪಂಪೂ ಬದಲಾಯಿಸಿಬಿಡೋಣ, ಯಾವುದೋ ಒಂದು ತಾಗತ್ತೆ" ಎಂದ.

"ತಾಗಿದ್ದು ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಗೊತ್ತಾಗ್ಲೇಬೇಕಾ? ವಾಸಿಯಾದ್ರೆ ಸಾಲ್ದಾ?"

"ಕಾಫಿ ಕಲೆಗೆ ಒಂದೇ ಸಲ ನಾಲ್ಕು ಕೆಮಿಕಲ್ ಸುರೀತೀರಾ ಅಂಗಡೀಲಿ?"

ಅವನು ಹಾಗೆ ಸುರಿದು ಒಬ್ಬರ ರೇಷ್ಮೆ ಅಂಗಿಯನ್ನು ಜರಡಿ ಮಾಡಿದ ಕತೆ ಅವಳಿಗೆ ಗೊತ್ತಿತ್ತು.

ಮೊದಲು ನೀರಿನ ಬಿಸಿ. ತೊಟ್ಟಿಯ ಥರ್ಮಾಮೀಟರನ್ನೇ ನಂಬದೆ ಆಸ್ಪತ್ರೆಯಿಂದ ಒಳ್ಳೆಯದೊಂದನ್ನು ಕೇಳಿ ತಂದು ಎರಡನ್ನೂ ಒಟ್ಟಿಗೆ ಮುಳುಗಿಸಿದಳು. ಎರಡೂ ಒಂದೇ ಹೇಳಿದವು. ಆಮೇಲೆ ಉಪ್ಪು. ಸಮುದ್ರದ ನೀರಿನಷ್ಟೇ ಉಪ್ಪಿರಬೇಕು. ಅಳೆಯುವ ಉಪಕರಣ ಸುಳ್ಳು ಹೇಳುವುದುಂಟೆಂದು ಓದಿ, ಅದನ್ನು ಪರೀಕ್ಷಿಸುವ ದ್ರವ ತರಿಸಿದಳು. ಉಪಕರಣ ಸತ್ಯವಂತ. ಆಮೇಲೆ ಬೆಳಕು. ಅತಿ ಬೆಳಕಿಗೂ ಹವಳ ಬಿಳಚುತ್ತದೆ. ದೀಪವನ್ನು ಒಂದು ಗೇಣು ಮೇಲೆತ್ತಿ ಕಟ್ಟಿ ಎರಡು ವಾರ ಕಾದಳು. ಬಣ್ಣ ಬರಲಿಲ್ಲ, ಕೋಣೆ ಮಾತ್ರ ಕತ್ತಲಾಯಿತು. ಹುಳ ತಿನ್ನುತ್ತಿರಬಹುದೆಂದು ಸಣ್ಣ ಕವಲೊಂದನ್ನು ಮುರಿದು ಔಷಧದ ನೀರಿನಲ್ಲಿ ಅದ್ದಿ, ಬಿಳಿ ಬಟ್ಟಲಿನಲ್ಲಿ ಅಲ್ಲಾಡಿಸಿ, ಭೂತಗನ್ನಡಿಯಲ್ಲಿ ಮೈಯೆಲ್ಲ ಕಣ್ಣಾಗಿ ಹುಡುಕಿದಳು. ಒಂದು ಹುಳವೂ ಬೀಳಲಿಲ್ಲ.

ನೀರಿನ ಶುದ್ಧತೆಯನ್ನಂತೂ ಅವಳು ಮೊದಲ ದಿನದಿಂದಲೇ ವಾರಕ್ಕೊಮ್ಮೆ ನೋಡುತ್ತಿದ್ದಳು. ಮೀನಿನ ಹೊಲಸು, ತಿಂದುಳಿದ ಕಾಳು ಕೊಳೆತಾಗ ನೀರಿಗೆ ಸೇರುವ ನೈಟ್ರೇಟು, ಫಾಸ್ಫೇಟು ಎಂಬ ಎರಡು ಅಂಶ ಅಳೆಯುವ ಪುಟ್ಟ ಗಾಜಿನ ಕೊಳವೆಗಳಿದ್ದವು. ಆ ಅಂಶಗಳಿದ್ದರೆ ಹನಿ ಹಾಕಿದಾಗ ಒಂದು ಗುಲಾಬಿ, ಇನ್ನೊಂದು ನೀಲಿ ಆಗುತ್ತದೆ. ಎರಡೂ ಪ್ರತಿ ವಾರ ತಿಳಿಯಾಗಿಯೇ ಉಳಿಯುತ್ತಿದ್ದವು. ಸೊನ್ನೆ, ಸೊನ್ನೆ. ಮಾವ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು "ನಮ್ಮ ಫಿಲ್ಟರ್ ಹೌಸಿನಲ್ಲೂ ಇಷ್ಟು ಚೊಕ್ಕ ನೀರು ಬಂದಿರಲಿಲ್ಲ ಸಿಸ್ಟರಮ್ಮ" ಎನ್ನುತ್ತಿದ್ದರು. ಅವಳೂ ಸೊನ್ನೆಯ ಪಕ್ಕದಲ್ಲಿ ಸರಿ ಎಂದು ಗುರುತು ಹಾಕುತ್ತಿದ್ದಳು. ಹಾಕದೆ ಇನ್ನೇನು? ಥಿಯೇಟರಿನ ಟೇಬಲ್ ಒರೆಸಿದ ಹತ್ತಿಯನ್ನು ಲ್ಯಾಬಿಗೆ ಕಳಿಸಿದಾಗ ರೋಗಾಣು ಸೊನ್ನೆ ಎಂದು ವರದಿ ಬಂದರೆ ಸಿಹಿ ಹಂಚುವ ಜನ ಅವರು.

ಎರಡು ತಿಂಗಳು ಹೀಗೇ ಹೋದವು. ಒಂದು ಶುಕ್ರವಾರ ಅವಳು ಮುರಿದ ಕವಲನ್ನು ಡಬ್ಬಿಯಲ್ಲಿ ಹಾಕಿಕೊಂಡು ಸಾಕುವ ಮೀನಿನ ಅಂಗಡಿಗೆ ಹೋದಳು. ಅಂಗಡಿಯವನಿಗೆ ಎದೆವರೆಗೂ ಗಡ್ಡ. ಅದರಲ್ಲಿ ಯಾವಾಗಲೂ ಒಂದಿಷ್ಟು ಉಪ್ಪು ಒಣಗಿರುತ್ತಿತ್ತು. ಅತ್ತೆಯನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ.

ಡಬ್ಬಿ ನೋಡಿ ಅವನ ಮುಖ ಸಪ್ಪಗಾಯಿತು. "ಅಯ್ಯೋ, ಅಕ್ಕನ ಹವಳ ಹೀಗಾಯ್ತಾ? ಬನ್ನಿ ಇಲ್ಲಿ, ಅದರ ತಂಗೀನ ತೋರಿಸ್ತೀನಿ."

ಅಂಗಡಿಯ ಹಿಂಭಾಗದಲ್ಲಿ ಒಂದು ತೊಟ್ಟಿ. ಸಿಸ್ಟರಮ್ಮ ಮೊದಲು ನೋಡಿದ್ದು ಗಾಜು. ಮೂರು ಕಡೆ ಹಸಿರು ಪಾಚಿ, ಮೂಲೆಯಲ್ಲಿ ಏನೋ ಕಂದು ಗಸಿ, ನೀರಿನ ಮೇಲೆ ಎಣ್ಣೆಯಂಥ ಪೊರೆ. ಅವಳ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಥಿಯೇಟರಿನಲ್ಲಿ ಇಂಥದ್ದು ಕಂಡಿದ್ದರೆ ಇಡೀ ವಿಭಾಗಕ್ಕೆ ಬೀಗ ಹಾಕಿಸುತ್ತಿದ್ದಳು. ಆಮೇಲೆ ಕಣ್ಣು ಒಳಗೆ ಹೋಯಿತು. ಒಳಗೆ ಅತ್ತೆಯ ಹವಳದ ತುಂಡು, ಮುಷ್ಟಿಯಷ್ಟು ಬೆಳೆದು ಕೂತಿತ್ತು. ಹಸಿರೆಂದರೆ ಹಸಿರು, ನೇರಳೆಯೆಂದರೆ ನೇರಳೆ. ಅವಳಿಗೆ ಒಂದು ಕ್ಷಣ ಅತ್ತೆಯನ್ನೇ ಕಂಡಂತಾಯಿತು.

"ಇದನ್ನ ಯಾವಾಗ ತೊಳೀತೀರಿ?" ಎಂದು ಕೇಳಿದಳು, ಸ್ವಲ್ಪ ಗಡಸಾಗಿಯೇ.

"ತೊಳೆಯೋದಾ?" ಗಡ್ಡದವನು ತಲೆ ಕೆರೆದುಕೊಂಡ. "ಮುಂದಿನ ಗಾಜು ಒರೆಸ್ತೀನಿ, ಗಿರಾಕಿಗಳಿಗೆ ಕಾಣಬೇಕಲ್ಲ. ಮಿಕ್ಕಿದ್ದಕ್ಕೆ ನನಗೆಲ್ಲಿ ಪುರಸೊತ್ತು." ಆಮೇಲೆ ದನಿ ತಗ್ಗಿಸಿದ. "ಸಿಸ್ಟರ್, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದನ್ನ ತಗೊಂಡ್ ಹೋಗಿ. ಅದನ್ನ ತೆಗೆದು ಇದನ್ನ ಕೂರಿಸಿಬಿಡಿ. ಅದೂ ಅಕ್ಕಂದೇ, ಇದೂ ಅಕ್ಕಂದೇ. ಯಜಮಾನರಿಗೆ ಸಮಾಧಾನ ಆಗತ್ತೆ."

ಅವಳು ಆಸೆ ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಲೆಯಾಡಿಸಿದಳು. "ರೋಗಿ ವಾಸಿ ಆಗ್ಲಿಲ್ಲ ಅಂತ ಮಂಚದ ಮೇಲೆ ಬೇರೆಯವರನ್ನ ಮಲಗಿಸೋ ಅಭ್ಯಾಸ ನನಗಿಲ್ಲ. ಯಾಕೆ ಹೀಗಾಯ್ತು ಅಂತ ಗೊತ್ತಾಗದೆ ಇದನ್ನ ತಗೊಂಡ್ಹೋದ್ರೆ ಇದೂ ಅಲ್ಲಿ ಬಿಳಚಿಕೊಳ್ಳತ್ತೆ."

"ಅದೂ ನಿಜವೇ. ನೀರು ಹೇಗಿದೆ ನಿಮ್ಮನೇಲಿ?"

"ಕನ್ನಡಿ."

"ಮೀನಿಗೆ ಊಟ ಹಾಕೋರು ಯಾರು?"

"ಹಾಕ್ತೀವಿ, ಮೂರು ಜನಾನೂ" ಎಂದಳು. ಹೇಳಿದ ಮೇಲೆ ತಾನೇ ಯೋಚನೆಗೆ ಬಿದ್ದಳು. ಅವಳು ಕೊನೆಯ ಸಲ ಹಾಕಿದ್ದು ಯಾವತ್ತು?

ದಾರಿಯುದ್ದಕ್ಕೂ ಅದೇ ತಲೆ ತಿನ್ನುತ್ತಿತ್ತು. ಆ ಮನೆಯಲ್ಲಿ ಒಂದು ರೂಢಿಯಿತ್ತು. ಮಾಡಿದ ಕೆಲಸವನ್ನು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಂಡರೆ ಜಂಬ, ಕೇಳಿದರೆ ಆಕ್ಷೇಪಣೆ. ಅವಳು ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಐದಕ್ಕೆ ಬರುತ್ತಿದ್ದಳು, ಗಂಡ ಎಂಟಕ್ಕೆ ಹೋಗಿ ರಾತ್ರಿ ಎಂಟೂವರೆಗೆ. ಇನ್ನೊಬ್ಬರು ದಣಿದಿದ್ದಾರೆ, ತಾನೇ ಮಾಡಿಬಿಡೋಣ ಎಂದು ಮೂವರೂ ಸದ್ದಿಲ್ಲದೆ ಮಾಡುತ್ತಿದ್ದರು. ಇಷ್ಟು ದಿನ ಅವಳಿಗೆ ಅದು ಮನೆಯ ದೊಡ್ಡ ಗುಣವೆಂದೇ ತೋರಿತ್ತು.

ಥಿಯೇಟರಿನಲ್ಲಿ ಹಾಗೆ ನಡೆಯುವುದಿಲ್ಲ. ಹೊಟ್ಟೆಯೊಳಗೆ ಎಷ್ಟು ಹತ್ತಿ ಹೋಯಿತು, ಎಷ್ಟು ಹೊರಗೆ ಬಂತು ಎಂದು ಗಟ್ಟಿಯಾಗಿ ಎಣಿಸಿ ಬೋರ್ಡಿನ ಮೇಲೆ ಬರೆದ ಮೇಲೆಯೇ ಹೊಲಿಗೆ. ಸಿಸ್ಟರಮ್ಮ ಮನೆಗೆ ಬಂದವಳೇ ಒಂದು ದೊಡ್ಡ ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ 'ಹಾಕಿದ್ದು', ಇನ್ನೊಂದು ಕಡೆ 'ತೆಗೆದದ್ದು' ಎಂದು ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದಳು. ದಾರದಲ್ಲಿ ಪೆನ್ನು ಕಟ್ಟಿದಳು.

"ಹತ್ತು ದಿನ. ಈ ತೊಟ್ಟಿಗೆ ಯಾರು ಏನು ಹಾಕಿದ್ರೂ, ಏನು ತೆಗೆದ್ರೂ ಇಲ್ಲಿ ಬರೀಬೇಕು. ಸಣ್ಣದು ದೊಡ್ಡದು ಅಂತಿಲ್ಲ."

"ಇದೇನೇ, ಹಾಜರಿ ಪುಸ್ತಕ?" ಎಂದು ಗಂಡ ಮೂಗು ಮುರಿದ. ಆದರೆ ಬರೆದ. ಹೆಂಡತಿಯ ಆ ದನಿಗೆ ಸರ್ಜನ್‌ಗಳೇ ಕೈ ಕಟ್ಟಿ ನಿಲ್ಲುತ್ತಿದ್ದರೆಂದು ಅವನು ಕೇಳಿ ಬಲ್ಲ.

ಹತ್ತನೆಯ ದಿನ ಭಾನುವಾರ. ತಿಂಡಿ ಮುಗಿದ ಮೇಲೆ ಅವಳು ಹಾಳೆಯ ಮುಂದೆ ನಿಂತು ಓದಿದಳು. 'ತೆಗೆದದ್ದು' ಎಂಬ ಕಡೆ ಮೇಲಿನಿಂದ ಕೆಳಗಿನವರೆಗೆ ತುಂಬಿ ಅಂಚಿನಲ್ಲೂ ಬರೆದಿತ್ತು. ಗಂಡ ಸೋಸುವ ಬಟ್ಟೆಯನ್ನು ದಿನ ಬಿಟ್ಟು ದಿನ ಬಿಚ್ಚಿ ಅಂಗಡಿಯ ಮೆಷೀನಿನಲ್ಲಿ ಒಗೆದು ತಂದು ಹಾಕಿದ್ದ. ಇಸ್ತ್ರಿ ಮಾಡುವುದೊಂದು ಬಾಕಿ. ನೊರೆ ಹಿಡಿದು ಕೊಳೆ ಎತ್ತುವ ಯಂತ್ರದ ಬಟ್ಟಲನ್ನು ಮಾವ ದಿನಕ್ಕೆರಡು ಸಲ ತೊಳೆದಿದ್ದರು. ಫಾಸ್ಫೇಟು ಹೀರುವ ಕಂದು ಕಾಳಿನ ಚೀಲವನ್ನು ತಿಂಗಳಿಗೊಮ್ಮೆ ಬದಲಾಯಿಸಿದರೆ ಸಾಕು. ಅದನ್ನು ಮಾವ ಶನಿವಾರ ಬದಲಾಯಿಸಿದ್ದರು, ಗಂಡನಿಗೆ ಅದು ಗೊತ್ತಿಲ್ಲದೆ ಮಂಗಳವಾರ ಬದಲಾಯಿಸಿದ್ದ. ಸ್ವತಃ ಸಿಸ್ಟರಮ್ಮ ಬುಧವಾರ ಕಾಲುಭಾಗ ನೀರು ತೆಗೆದು ಹೊಸ ನೀರು ಹಾಕಿ, ತಳದ ಮರಳನ್ನೂ ಹೀರಿ ಚೊಕ್ಕ ಮಾಡಿದ್ದಳು.

'ಹಾಕಿದ್ದು' ಎಂಬ ಕಡೆ ಹೊಸ ನೀರು ಬಿಟ್ಟರೆ ಮೂರೇ ಸಾಲು. ಮೂರೂ ಒಂದೇ: ಮೀನಿಗೆ ಒಂದು ಚಿಟಿಕೆ.

"ಹತ್ತು ದಿನಕ್ಕೆ ಮೂರು ಚಿಟಿಕೆಯಾ?"

"ನೀನು ಹಾಕ್ತೀಯ ಅಂದ್ಕೊಂಡೆ" ಎಂದ ಗಂಡ.

"ಅವನು ಹಾಕಿರ್ತಾನೆ ಅಂತ ನಾನು" ಎಂದರು ಮಾವ. "ಜಾಸ್ತಿ ಹಾಕಿದ್ರೆ ನೀರು ಕೆಡತ್ತಲ್ಲ."

ಸಿಸ್ಟರಮ್ಮ ತನ್ನ ಟೆಸ್ಟಿನ ನೋಟುಬುಕ್ಕು ತೆಗೆದಳು. ಸೊನ್ನೆ, ಸರಿ ಗುರುತು. ಸೊನ್ನೆ, ಸರಿ ಗುರುತು. ಒಂಬತ್ತು ವಾರ. ಅವಳಿಗೆ ತನ್ನ ಮೇಲೆಯೇ ಸಿಟ್ಟು ನೆತ್ತಿಗೇರಿತು. ಹೆಣ್ಣುಮಗಳೊಬ್ಬಳು ಹಸಿವಿನಿಂದ ಬಿದ್ದಿರುವಾಗ ನಾಡಿ, ಜ್ವರ, ರಕ್ತದೊತ್ತಡ ಎಲ್ಲ ನೋಡಿ, ತಟ್ಟೆ ಖಾಲಿಯಿದೆ, ಬಹಳ ಚೊಕ್ಕಟ ಎಂದು ಬರೆದಂತಾಗಿತ್ತು.

"ಇದಕ್ಕೆ ರೋಗ ಇಲ್ಲ ಮಾವ. ಇದು ಹಸಿದಿದೆ" ಎಂದಳು. "ಮೀನು ತಿಂದು ಬಿಟ್ಟ ಹೊಲಸೇ ಇದರ ಊಟ. ಇದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರತ್ತೆ, ಅದು ಬದುಕಿದ್ರೆ ಇದು ಬದುಕೋದು. ನಾವು ಮೂರು ಜನ ಸೇರಿ ನೀರಲ್ಲಿ ಒಂದು ಕಣಾನೂ ಉಳಿಸಿಲ್ಲ. ಇನ್ಮೇಲೆ ಈ ಚೀಲ ಬೇಡ. ಬಟ್ಟೆ ವಾರಕ್ಕೊಂದು ಸಲ. ನೀರು ಸ್ವಲ್ಪ ಕೊಳೆಯಾಗ್ಲಿ."

ಮಾವ ಸ್ಟೂಲಿನಿಂದ ಎದ್ದುಬಿಟ್ಟರು. "ಕೊಳೆಯಾಗ್ಲಿ ಅಂದ್ರೆ? ಮೂವತ್ತೊಂದು ವರ್ಷ ನೀರಿನ ಕೆಲಸ ಮಾಡಿದವನಿಗೆ ನೀನು ಹೇಳ್ತೀಯಾ? ಕೊಳಕು ನೀರಲ್ಲಿ ಏನಮ್ಮ ಬದುಕತ್ತೆ?"

"ಅತ್ತೆ ಇದ್ದಾಗ ಹನ್ನೊಂದು ವರ್ಷ ಬದುಕಿತ್ತಲ್ಲ ಮಾವ."

"ಅಂದ್ರೆ ಅವಳು ಕೊಳಕು ಅಂತೀಯಾ?"

"ಕೊಳಕಲ್ಲ. ಉಣಿಸ್ತಿದ್ರು. ಹೋಗ್ತಾ ಬರ್ತಾ ಹಾಕ್ತಿದ್ರು. ದಿನಕ್ಕೆ ಆರು ಸಲ. ನಾವೆಲ್ಲ ಬೈತಿದ್ವಿ."

ಮಾವ ಮತ್ತೆ ಕೂತರು. "ಈ ತೊಟ್ಟಿ ವಿಷಯಕ್ಕೆ ಅವಳ ಜೊತೆ ಜಗಳ ಆಡದ ದಿನ ಇಲ್ಲ. ಚೆಲ್ತೀಯ, ಸುರೀತೀಯ, ಕೆಡಿಸ್ತೀಯ ಅಂತ. ಅವಳು ಹೋಗಿ ಮೂರನೇ ದಿನ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಇದನ್ನ ತಳದಿಂದ ತೊಳೆದಿದ್ದು. ಈಗಲಾದ್ರೂ ಸರಿಯಾಗಿ ಇಟ್ಕೋತೀನಿ ಅಂತ ಅಂದ್ಕೊಂಡೆ." ಕೈಯಲ್ಲಿದ್ದ ಬಟ್ಟೆಯಿಂದ ಗಾಜು ಒರೆಸಲು ಹೋಗಿ, ತಡೆದು, ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. "ಕೈಯಾರೆ ಸಾಯಿಸ್ತಿದ್ದೆ."

"ನಾವು ಮೂರು ಜನಾನೂ ಮಾವ. ಇನ್ನೂ ಸತ್ತಿಲ್ಲ. ನಾನು ಬಿಡಲ್ಲ."

ಬಿಡಲಿಲ್ಲ ಕೂಡ. ಹಸಿದ ಹೊಟ್ಟೆಗೆ ಒಮ್ಮೆಲೇ ತುರುಕಬಾರದೆಂದು ಅವಳಿಗೆ ಗೊತ್ತಿತ್ತು. ಮೊದಲ ವಾರ ಮೀನಿಗೆ ದಿನಕ್ಕೊಂದು ಸಲ, ಆಮೇಲೆ ಎರಡು ಸಲ, ಆಮೇಲೆ ಪುಡಿ ಮಾಡಿದ ಸೀಗಡಿ ಸೇರಿ ಮೂರು ಸಲ. ಯಾರು ಯಾವ ಹೊತ್ತಿಗೆ ಎಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟಳು. ಗಾಜಿನ ಮೇಲೆ ತೆಳ್ಳಗೆ ಪಾಚಿ ಮೂಡಿತು. ಅದನ್ನು ಕಂಡರೆ ಗಂಡನ ಕೈ ತುರಿಸುತ್ತಿತ್ತು; ದಾಟಿ ಹೋಗುವಾಗ ಕೈಗಳೆರಡನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಮಾವ ಒಂದು ಬೆಳಗ್ಗೆ ಸ್ಪಂಜು ಹಿಡಿದು ಸಿಕ್ಕಿಬಿದ್ದರು.

"ಮೂಲೇಲಿ ಒಂಚೂರು ಅಷ್ಟೇ ಸಿಸ್ಟರಮ್ಮ."

"ಕೆಳಗಿಡಿ ಮಾವ."

ಮೂರು ವಾರವಾದರೂ ಕೊಳವೆ ತಿಳಿಯಾಗಿಯೇ ಇತ್ತು. ಒಂದು ಕವಲಿನ ತುದಿ ಸತ್ತು ಸುಣ್ಣದ ಕಡ್ಡಿಯಂತಾಯಿತು. ಮಾವ ಆ ದಿನ ತೊಟ್ಟಿಯ ಕಡೆ ಬೆನ್ನು ಹಾಕಿ ಕೂತರು. ಗಂಡ ಮೆತ್ತಗೆ "ಗಡ್ಡದವನ ಹತ್ರ ಇರೋದನ್ನೇ ತಂದುಬಿಡೋಣವಾ?" ಎಂದ. ಅವಳು ಸೊಪ್ಪು ಹಾಕಲಿಲ್ಲ. ಸತ್ತ ತುದಿಯನ್ನು ಇಕ್ಕಳದಲ್ಲಿ ಕತ್ತರಿಸಿ ತೆಗೆದು, ಮೀನಿಗೆ ಸಂಜೆಯ ಊಟ ಹಾಕಿ, ಹಾಳೆಯಲ್ಲಿ ಬರೆದಳು. ನಾಲ್ಕನೆಯ ವಾರದ ಕೊನೆಗೆ ಹನಿ ಬಿದ್ದ ಕೊಳವೆ ಇಷ್ಟೇ ಇಷ್ಟು ಗುಲಾಬಿಗೆ ತಿರುಗಿತು. ಮನೆಯವರು ಕೊಳಕು ನೀರು ನೋಡಿ ಸಂತೋಷಪಟ್ಟದ್ದು ಅದೇ ಮೊದಲು.

ಆರನೆಯ ವಾರ ಹವಳ ಕಂದು ಬಣ್ಣಕ್ಕೆ ತಿರುಗಿದಾಗ ಮಾವ ಗಾಬರಿಬಿದ್ದು ಥಿಯೇಟರಿಗೇ ಫೋನು ಮಾಡಿದರು. "ಅದು ಒಳಗಿನ ಪಾಚಿ ವಾಪಸ್ ಬಂದಿದ್ದು ಮಾವ. ಮೊದಲು ರಕ್ತ ತುಂಬತ್ತೆ, ಆಮೇಲೆ ಮುಖಕ್ಕೆ ಕಳೆ" ಎಂದಳು. ಬಾಯಲ್ಲಿ ಹೇಳಿದ ಧೈರ್ಯ ಎದೆಯಲ್ಲಿರಲಿಲ್ಲ. ಆದರೂ ಕಾದಳು. ಹನ್ನೊಂದನೆಯ ವಾರ, ಕಿಟಕಿಯ ಕಡೆಯ ಕವಲುಗಳಲ್ಲಿ ಹಸಿರು ಕಂಡಿತು. ಹದಿಮೂರನೆಯ ವಾರದ ಒಂದು ಬೆಳಗ್ಗೆ ತೊಟ್ಟಿಯ ದೀಪ ಹಚ್ಚಿದಾಗ ಹತ್ತಾರು ತುದಿಗಳಲ್ಲಿ ನೇರಳೆ. ತೆಳು, ಆದರೆ ಅನುಮಾನವೇ ಬೇಡದ ನೇರಳೆ. ಸಿಸ್ಟರಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. ಗಂಡ ಗಡ್ಡದವನಿಗೆ ಫೋಟೊ ಕಳಿಸಿದ.

ಗೆದ್ದೆನೆಂದೇ ಅವಳು ತಿಳಿದಳು. ಹವಳ ಬಂತು, ಇನ್ನು ಮಾವನೂ ಬರುತ್ತಾರೆ.

ಆ ಭಾನುವಾರ ಗಂಡ ಅಂಗಡಿಯ ಚೀಲದಿಂದ ಅಪ್ಪನ ಎರಡು ಪ್ಯಾಂಟು ತೆಗೆದು ಮಂಚದ ಮೇಲಿಟ್ಟ. "ಸೊಂಟ ಸಡಿಲ ಆಗಿದೆ, ಹಿಡಿಸಿಕೊಡು ಅಂದ್ರು. ಹಿಡಿಸಿದೆ. ಇದು ಎರಡನೇ ಸಲ."

"ಎರಡನೇ ಸಲವಾ? ಮೊದಲನೇದು ಯಾವಾಗ?"

"ಹವಳಕ್ಕೆ ಊಟ ಶುರು ಮಾಡಿದ್ವಲ್ಲ, ಆವಾಗ."

ಅವಳು ಪ್ಯಾಂಟನ್ನು ಎತ್ತಿ ಸೊಂಟಪಟ್ಟಿಯ ಒಳಗೆ ನೋಡಿದಳು. ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿಕೊಂಡಿತ್ತು. ಹವಳಕ್ಕೆ ಬಣ್ಣ ಬರುತ್ತಿದ್ದ ಹದಿಮೂರು ವಾರದಲ್ಲೂ ಮಾವ ಕರಗುತ್ತಲೇ ಇದ್ದರು, ಅವಳು ದಿನಾ ಅವರ ಪಕ್ಕದಲ್ಲೇ ನಿಂತು ಹವಳ ನೋಡುತ್ತಿದ್ದಳು.

"ಮಧ್ಯಾಹ್ನ ಅವರು ಊಟ ಮಾಡ್ತಾರಾ?"

"ಮಾಡ್ತಾರಲ್ಲ. ನೀನು ಬೆಳಗ್ಗೆ ಡಬ್ಬೀಲಿ ಹಾಕಿಟ್ಟು ಹೋಗ್ತೀಯ. ನೀನು ಬರೋ ಹೊತ್ತಿಗೆ ಡಬ್ಬಿ ತೊಳೆದು ಬೋರಲು ಹಾಕಿರ್ತಾರೆ."

ಅವಳು ದಿನಾ ಸಂಜೆ ಅದನ್ನೇ ನೋಡುತ್ತಿದ್ದಳು. ಫಳಫಳ ಹೊಳೆಯುವ ಡಬ್ಬಿ. ನೋಡಿ, ಉಂಡಿದ್ದಾರೆ ಎಂದು ನಿಶ್ಚಿಂತೆಯಿಂದ ಎತ್ತಿಡುತ್ತಿದ್ದಳು.

ಸೋಮವಾರ ಅವಳು ಜೊತೆಯವಳಿಗೆ ಹೇಳಿ ಡ್ಯೂಟಿ ಬದಲಾಯಿಸಿಕೊಂಡು ಹನ್ನೆರಡೂವರೆಗೆ ಮನೆಗೆ ಬಂದಳು. ಮಾವ ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದರು. ಡಬ್ಬಿಯಿಂದ ಎರಡು ತುತ್ತು ಖಾಲಿಯಾಗಿತ್ತು. ಉಳಿದದ್ದು ಒಂದು ಕಾಗದದ ಪೊಟ್ಟಣದಲ್ಲಿ, ಹಿಂದಿನ ಅಂಗಳದ ನಾಯಿಗೆ ಹೋಗಲು ಸಿದ್ಧವಾಗಿತ್ತು. ಅವರ ಕೈಯಲ್ಲಿ ಸೋಪಿನ ನೊರೆ.

ಸಿಕ್ಕಿಬಿದ್ದ ಮಗುವಿನಂತೆ ಅವರು ಅವಳ ಕಡೆ ನೋಡಿದರು. "ಒಬ್ಬನಿಗೆ ಸೇರಲ್ಲ ಸಿಸ್ಟರಮ್ಮ. ತಟ್ಟೆ ಎದುರಿಗೆ ಕೂತ್ರೆ ಎದುರು ಕುರ್ಚಿ ಕಾಣತ್ತೆ. ನೀವು ಪಾಪ ದಣಿದು ಬರ್ತೀರಿ, ಹೇಳಿ ಏನು ಮಾಡೋದು ಅಂತ..."

ಅವಳು ಬೈಯಲಿಲ್ಲ. ಅವರ ಕೈಯಿಂದ ಡಬ್ಬಿ ಇಸಿದುಕೊಂಡು ನಲ್ಲಿ ನಿಲ್ಲಿಸಿದಳು. ಒಲೆ ಹಚ್ಚಿ, ಇದ್ದದ್ದನ್ನೆಲ್ಲ ಬಿಸಿ ಮಾಡಿದಳು. ಅವಸರಕ್ಕೆ ಒಂದಿಷ್ಟು ಗೋಡೆಗೂ ಸಿಡಿಯಿತು, ಒರೆಸಲಿಲ್ಲ. ಎರಡು ತಟ್ಟೆ ಹಾಕಿ, ಆ ಎದುರು ಕುರ್ಚಿಯನ್ನು ಎಳೆದು ತಾನು ಕೂತಳು.

"ಬನ್ನಿ ಮಾವ. ಇವತ್ತಿಂದ ಮಧ್ಯಾಹ್ನ ಇಬ್ಬರಲ್ಲಿ ಒಬ್ಬರು ಮನೇಲಿರ್ತೀವಿ. ನಾನಿಲ್ಲದ ದಿನ ಅವರು ಅಂಗಡಿ ಮುಚ್ಚಿ ಬರ್ತಾರೆ. ಬರದಿದ್ರೆ ನಾನು ನೋಡ್ಕೋತೀನಿ."

"ನಿನ್ನ ಕೆಲಸ?"

"ಥಿಯೇಟರಿನಲ್ಲಿ ನನ್ನಂಥವರು ಹನ್ನೆರಡು ಜನ ಇದ್ದಾರೆ. ಕೂತ್ಕೊಳ್ಳಿ."

ಅವರು ಕೂತರು. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಇತ್ತು. ಎರಡನೆಯದು ಬೇಗ ಇಳಿಯಿತು. ನಾಲ್ಕನೆಯ ತುತ್ತಿಗೆ ಅವರು ಪಾತ್ರೆಯ ಕಡೆ ಕೈ ಚಾಚಿದರು, ಅವಳು ಬಡಿಸಿದಳು. ಅವರು ನುಂಗುವುದನ್ನೇ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು, ತನ್ನ ತಟ್ಟೆ ಮರೆತು.

ಮಾವ ತಲೆಯೆತ್ತಿದರು. ಸೌಟನ್ನು ಅವರೇ ಎತ್ತಿಕೊಂಡು, ಮೇಜಿನ ಮೇಲೆಲ್ಲ ಚೆಲ್ಲುತ್ತ ಅವಳ ತಟ್ಟೆಗೆ ಬಡಿಸಿದರು.

"ನನ್ನನ್ನೇ ಏನು ನೋಡ್ತೀಯ? ಬೆಳಗ್ಗೆ ಆರಕ್ಕೆ ಎದ್ದವಳು. ನೀನು ಉಣ್ಣು ಮೊದಲು."